ಭಾಮೈದನ ತಲೆಯ ಗೋದಾಮು

ನಾನು ಮೂಡಿಗೆರೆಯಲ್ಲಿ ಕಾಫಿ ಕೊಳ್ಳುವ ವ್ಯಾಪಾರಿ. ತರಕಾರಿಯವಳಿಂದ ಹಿಡಿದು ಛತ್ರದ ಮಾಲೀಕನವರೆಗೆ ಯಾರ ಹತ್ತಿರವೂ ಚೌಕಾಸಿ ಮಾಡದೆ ಬಿಟ್ಟವನಲ್ಲ. ಚಿಕ್ಕಮಗಳೂರಿನ ಡಾಕ್ಟರಮ್ಮನ ಮುಂದೆ ಮಾತ್ರ ನನ್ನ ಆಟ ನಡೆಯಲಿಲ್ಲ.

ಹೋದದ್ದು ಹೆಂಡತಿಯ ತಮ್ಮನ ಸಲುವಾಗಿ. ಕಳಸದ ಕಡೆ ಹೋಂಸ್ಟೇ ನಡೆಸುತ್ತಿದ್ದ ಅವನು, ಪಾರ್ಟಿಗೆ ಬಂದವರು ಕೊಟ್ಟ ಕೊಕೇನನ್ನು ಮೂಗಿಗೇರಿಸಿ, ವರ್ಷಗಟ್ಟಲೆ ಅದಕ್ಕೇ ಅಂಟಿಕೊಂಡಿದ್ದ. ಚಿಕಿತ್ಸೆಯಾಗಿ, ಪುಡಿ ಬಿಟ್ಟು ನಮ್ಮ ಮನೆಗೆ ಬಂದಿದ್ದ. ಆದರೆ ಅವನಿಗೆ ಯಾವುದರಲ್ಲೂ ರುಚಿಯಿಲ್ಲ.

"ಭಾವ, ನನ್ ಕೈಲಾಗಲ್ಲ. ಹಳೇ ಗೆಳೆಯ ದಿನಾ ಫೋನ್ ಮಾಡ್ತಿದಾನೆ. ಅವನ ಹತ್ರ ಹೋಗ್ಬಿಡ್ತೀನಿ" ಎನ್ನುತ್ತಿದ್ದ.

ಹೋದರೆ ಮತ್ತೆ ಪುಡಿಯೇ. ಅದು ಅವನಿಗೂ ಗೊತ್ತು. ಹೆದರಿದ ನನ್ನ ಹೆಂಡತಿ ಅವನ ಚಪ್ಪಲಿಯನ್ನು ಬಚ್ಚಲಿನ ಸೌದೆಯ ಹಿಂದೆ ಬಚ್ಚಿಟ್ಟಳು. ಅವನು ನನ್ನ ಚಪ್ಪಲಿ ಹಾಕಿಕೊಂಡು ಓಡಾಡಿದ. ನಾನು ಬರಿಗಾಲಲ್ಲಿ ವ್ಯಾಪಾರಕ್ಕೆ ಹೋದೆ.

ಡಾಕ್ಟರಮ್ಮ ವಿವರಿಸಿದರು: "ಖುಷಿ ಆದಾಗ ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಬರುತ್ತೆ, ಕೆಲಸ ಮುಗಿಸಿ ವಾಪಸ್ ಹೋಗುತ್ತೆ. ಕೊಕೇನ್ ಆ ವಾಪಸ್ ಹೋಗೋ ದಾರೀನ ಮುಚ್ಚುತ್ತೆ. ಡೋಪಮೈನ್ ರಾಶಿ ಬೀಳುತ್ತೆ. ತುಂಬಾ ಕಾಲ ಹಾಗೇ ಆದ್ರೆ, ಅದನ್ನ ಬರಮಾಡಿಕೊಳ್ಳೋ ಗ್ರಾಹಕಗಳನ್ನ, ಅಂದ್ರೆ ರಿಸೆಪ್ಟರ್‌ಗಳನ್ನ, ಮೆದುಳೇ ಕಮ್ಮಿ ಮಾಡಿಬಿಡುತ್ತೆ."

"ನಮ್ ಗೋದಾಮಿನ ಹಾಗೆ ಬಿಡಿ ಮೇಡಂ. ಒಂದೇ ಸಮ ಲಾರಿ ಬಂದು ಸುರಿದ್ರೆ ಲೆಕ್ಕ ಬರೆಯೋ ರೈಟ್ರು ಬೇಸತ್ತು ಒಂದೊಂದೇ ಬಾಗಿಲು ಹಾಕಿಸ್ತಾರೆ. ಆಮೇಲೆ ಯಾರೋ ಪಾಪ ಒಂದು ಮೂಟೆ ಹೊತ್ಕೊಂಡು ಬಂದ್ರೆ ಒಳಗೆ ಬಿಡೋರೇ ಇಲ್ಲ."

"ಹೆಚ್ಚುಕಮ್ಮಿ ಹಾಗೇ. ಆ ಒಂದು ಮೂಟೆ ಅಂದ್ರೆ ಊಟ, ಹರಟೆ, ಬೆಳಗಿನ ಬಿಸಿಲು."

"ಬಾಗಿಲು ತೆಗೆಯೋಕೆ ಎಷ್ಟು ದಿನ?"

"ತಿಂಗಳುಗಟ್ಟಲೆ. ವರ್ಷ ದಾಟಿದ್ರೂ ದಾಟ್ತು. ಎಲ್ಲಾರಿಗೂ ಪೂರ್ತಿ ತೆಗೆಯುತ್ತೆ ಅಂತಾನೂ ಹೇಳೋಕಾಗಲ್ಲ."

"ಈ ಕೊಯ್ಲು ಮುಗಿಯೋದ್ರೊಳಗೆ ಮಾಡಿಕೊಡಿ."

"ಮಾಡೋದು ನಾನಲ್ಲ, ಅವರ ಮೆದುಳು. ಅದರ ಹತ್ರಾನೇ ಚೌಕಾಸಿ ಮಾಡ್ಕೊಳ್ಳಿ!"

ಮಾಡಿಯೇ ಬಿಟ್ಟೆ. ಭಾನುವಾರ ಬೆಳಿಗ್ಗೆಯೇ ಕಡುಬು, ಹಂದಿ ಸಾರು. ಆಮೇಲೆ ಜೀಪಿನಲ್ಲಿ ಬಾಬಾಬುಡನ್‌ಗಿರಿ. ದಾರಿಯುದ್ದಕ್ಕೂ ಕಿವಿ ಹರಿಯುವಂಥ ಹಾಡು. ಮೇಲೆ ಹತ್ತಿದ ಮೇಲೆ ಪಂಚೆ ಎತ್ತಿ ಕಟ್ಟಿ ಕುಣಿದೆ ಕೂಡ.

"ನಗೋ ಮಾರಾಯ, ಇಷ್ಟೊಂದು ಡೀಸೆಲ್ ಸುಟ್ಟಿದೀನಿ!"

"ಹೂಂ" ಎಂದ ಭಾಮೈದ. ಪ್ರವಾಸಿಗರು ಮಾತ್ರ ನನ್ನ ವಿಡಿಯೋ ಮಾಡಿಕೊಂಡರು.

ಇದನ್ನು ಹೇಳಿದಾಗ ಫೋನಿನಲ್ಲಿ ಡಾಕ್ಟರಮ್ಮ ಬೈದರು. "ನೀವೂ ಲಾರಿಗಟ್ಟಲೆ ಸುರಿಯೋಕೆ ಹೊರಟ್ರಲ್ರೀ! ಹೊತ್ತಿಗೆ ಸರಿಯಾಗಿ ನಿದ್ದೆ, ಒಂದಿಷ್ಟು ನಡಿಗೆ, ಕೈಗೊಂದು ಸಣ್ಣ ಕೆಲಸ. ಇಲ್ಲಿಗೆ ಬರೋದು ಮಾತ್ರ ತಪ್ಪಿಸ್ಬೇಡಿ."

ಸಣ್ಣ ಕೆಲಸ ನನ್ನಲ್ಲೇ ಇತ್ತು. ಪಾರ್ಚ್‌ಮೆಂಟ್, ಅಂದರೆ ತೊಳೆದು ಹೊಟ್ಟಿನ ಸಮೇತ ಒಣಗಿಸಿದ ಕಾಫಿ, ಬಂದಾಗ ನಾನು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತೇನೆ. ಕಟಕ್ಕೆಂದರೆ ಒಣಗಿದೆ, ಮೆತ್ತಗಿದ್ದರೆ ಹಸಿ. ತೇವ ನೋಡುವ ಮೀಟರ್ ಬಂದರೂ ನನಗೆ ಹಲ್ಲೇ ನಂಬಿಕೆ. ಅವನನ್ನೂ ಪಕ್ಕಕ್ಕೆ ಕೂರಿಸಿ ಕಚ್ಚಲು ಹಚ್ಚಿದೆ. ವಾರಗಟ್ಟಲೆ ಮಾತಿಲ್ಲ, ನಗುವಿಲ್ಲ, ಮೇಕೆಯ ಹಾಗೆ ಕಚ್ಚಿದ, ಉಗಿದ.

ಒಂದು ಬೆಳಿಗ್ಗೆ ಸಣ್ಣ ಬೆಳೆಗಾರರೊಬ್ಬರು ಮೂಟೆ ತಂದರು. ನಾನು ಕಾಳು ಕಚ್ಚಿ ವಾಡಿಕೆಯಂತೆ ಮುಖ ಹುಳ್ಳಗೆ ಮಾಡಿ, "ಅಯ್ಯೋ, ಹಸಿ ಇದೆಯಲ್ಲ ಸಾರ್" ಎಂದೆ. ಹಸಿ ಎಂದರೆ ದರ ಇಳಿಸಬಹುದು; ವ್ಯಾಪಾರ ಎಂದರೆ ಅಲ್ಲಿಂದಲೇ ಶುರು.

ಭಾಮೈದ ಒಂದು ಕಾಳು ಕಚ್ಚಿದ. ಕಟಕ್!

"ಭಾವ, ಇದು ಹಸಿನಾ? ನಿಮ್ ಹಲ್ಲು ಅಲ್ಲಾಡ್ತಿರ್ಬೇಕು."

"ಸುಮ್ನಿರೋ."

"ಯಾಕೆ ಸುಮ್ನಿರ್ಲಿ? ಇಗೊಳ್ಳಿ ಸಾರ್, ನೀವೇ ಕಚ್ಚಿ." ಬೆಳೆಗಾರರೂ ಕಚ್ಚಿದರು. ಕಟಕ್! "ನಿಮ್ ಭಾಮೈದ ಆಳು ಘಾಟಿ ಮಾರಾಯ್ರೆ" ಎಂದು ನಕ್ಕರು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅದೇ ಗೆಳೆಯ. ಭಾಮೈದ ಬಾಯಲ್ಲಿ ಕಾಳು ಇಟ್ಟುಕೊಂಡೇ ಹೇಳಿದ: "ಈಗ ಆಗಲ್ಲ ಕಣೋ, ಇಡು. ಭಾವನ ಜೊತೆ ಜಗಳ ನಡೀತಾ ಇದೆ."

ಅವನು ನಕ್ಕದ್ದೂ ಆಗಲೇ, ಹಲ್ಲು ತುಂಬ ಕಾಫಿ ಹೊಟ್ಟು.

ಮಾರನೆಯ ದಿನ ಮತ್ತೆ ಮಂಕಾಗಿ ಕೂತ. ತಿಂಗಳುಗಳ ಕೆಲಸ ಇನ್ನೂ ಬಾಕಿಯಿದೆ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಆದರೂ ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನನ್ನ ಮಾತು ಕೇಳಿ: ಅವರನ್ನು ನಗಿಸಲು ಕುಣಿಯಬೇಡಿ. ನಿಮ್ಮ ಜೊತೆ ಜಗಳವಾಡಲು ಬಿಡಿ, ಗೆಲ್ಲಲೂ ಬಿಡಿ. ನಾನು ಈಗ ಅವನಿಗೆ ಸೋಲಲೆಂದೇ ದಿನಕ್ಕೊಂದು ಒಣಗಿದ ಮೂಟೆಯನ್ನು ಹಸಿ ಎನ್ನುತ್ತಿದ್ದೇನೆ.