ಅಕ್ಕನ ಕುತ್ತಿಗೆ ಮಾತ್ರೆ

ಇಪ್ಪತ್ತಾರನೆಯ ವಯಸ್ಸಿಗೆ ನಾನು ಎಂಬತ್ತೆರಡು ಕೆ.ಜಿ. ಇದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಬಂಗಾರಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಆಪರೇಟರ್ ಕೆಲಸ. ದಿನವೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನ ಮುಂದೆ ಕೂತು ಟ್ರಂಕ್ ಕಾಲ್ ಜೋಡಿಸುವುದು. ನನ್ನ ದನಿ ತೆಳು. ಒಬ್ಬ ಬೇಳೆ ವ್ಯಾಪಾರಿ ದಿನವೂ ಮದ್ರಾಸಿಗೆ ಕಾಲ್ ಕೇಳುತ್ತಿದ್ದವರು, ಒಂದು ಸಲ ಯಾವುದೋ ರಸೀದಿಯ ವಿಚಾರಕ್ಕೆ ಆಫೀಸಿಗೇ ಬಂದರು. ನಾನು ಎದ್ದು ನಿಂತು ಮಾತಾಡಿದೆ. ಅವರು ನನ್ನ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದರು. ಆ ದನಿ ನನ್ನದೇ ಎಂದು ಅವರಿಗೆ ನಂಬಿಕೆ ಬರಲಿಲ್ಲ. ನಾನು ನಕ್ಕೆ. ಅವರು ಹೋದಮೇಲೆ ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕೂತೆ.

ನಮ್ಮೂರು ಕ್ಯಾಸಂಬಳ್ಳಿಯ ಕಡೆ. ಮನೆಯಲ್ಲಿ ರಾಗಿ ಹೊಲ, ಮೂರು ಹಸು, ಅಪ್ಪ, ಅಮ್ಮ. ಅಲ್ಲಿಂದ ದಿನಾ ಓಡಾಡುವುದು ಆಗದೆಂದು ನಾನು ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ ಒಬ್ಬ ತಮಿಳು ಹೆಂಗಸಿನ ಮನೆಯಲ್ಲಿ ಇದ್ದೆ. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿದರೆ ಡ್ಯೂಟಿ ಹೊತ್ತಿಗೆ ಬಂಗಾರಪೇಟೆ. ಆ ಹೆಂಗಸಿಗೆ ಐವತ್ತರ ಮೇಲಾಗಿತ್ತು. ಗಂಡ ಗಣಿಯಲ್ಲಿ ದುಡಿದು ತೀರಿಹೋಗಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಸೇಲಂ ಸೇರಿದ್ದಳು. ಎರಡು ಕೋಣೆಯ ತಗಡಿನ ಮನೆಯಲ್ಲಿ ಒಂದನ್ನು ನನಗೆ ಕೊಟ್ಟಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ತಮ್ಮ ತಮಿಳಿನ ವಾಡಿಕೆಯಲ್ಲಿ ನನ್ನನ್ನು ಮುದ್ದಿನಿಂದ ‘ಕಣ್ಣು’ ಎಂದು ಕರೆಯುತ್ತಿದ್ದರು. ಆ ಊರಿನಲ್ಲಿ ನನ್ನನ್ನು ಕೆಲಸದ ಮಾತಿಗಲ್ಲದೆ ಬೇರೆ ಯಾವುದಕ್ಕೂ ಕರೆಯುತ್ತಿದ್ದವರು ಅವರೊಬ್ಬರೇ.

ಅಕ್ಕ ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಒಂದು ಸಣ್ಣ ಬಿಳಿ ಮಾತ್ರೆ ನುಂಗುತ್ತಿದ್ದರು. ಅದನ್ನು ಕುತ್ತಿಗೆ ಮಾತ್ರೆ ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಒಂದು ಕಂದು ಬಣ್ಣದ ಸೀಸೆಯಲ್ಲಿ ತುಂಬಿಸಿಕೊಂಡು ಬರುತ್ತಿದ್ದರು. ಅದೇನು ಕಾಯಿಲೆ ಎಂದು ಕೇಳಿದಾಗ ಒಂದು ಫೋಟೋ ತೆಗೆದು ತೋರಿಸಿದರು. ಮಗಳ ಮದುವೆಯಲ್ಲಿ ತೆಗೆದದ್ದು. ಅದರಲ್ಲಿದ್ದ ಹೆಂಗಸಿನ ಮುಖ ಊದಿ, ರೆಪ್ಪೆ ದಪ್ಪವಾಗಿ, ರವಿಕೆಯ ತೋಳು ಬಿಗಿದುಕೊಂಡಿತ್ತು. ಅಕ್ಕ ಅಂತ ಗುರುತೇ ಸಿಗಲಿಲ್ಲ.

“ಇದು ನಾನೇ ಕಣ್ಣು. ಕುತ್ತಿಗೇಲಿ ಒಂದು ಗ್ರಂಥಿ ಇರ್ತದಂತೆ, ಅದು ಕೆಲ್ಸ ನಿಲ್ಸಿಬಿಟ್ಟಿತ್ತು. ಈ ಮಾತ್ರೆ ಕೊಟ್ರು, ಒಂದೇ ವರ್ಷಕ್ಕೆ ಇಂಗಾದೆ,” ಎಂದು ತಮ್ಮ ಸಣಕಲು ಕೈ ಮುಂದೆ ಚಾಚಿದರು.

ಅವರು ತೋರಿಸಿದ್ದು ಕಾಯಿಲೆ. ನಾನು ನೋಡಿದ್ದು ದಪ್ಪಗಿದ್ದ ಒಬ್ಬ ಹೆಂಗಸು ಮಾತ್ರೆ ನುಂಗಿ ತೆಳ್ಳಗಾದದ್ದು, ಅಷ್ಟೇ.

ಅದಾಗಿ ಎರಡು ವಾರಕ್ಕೆ ನನ್ನನ್ನು ನೋಡಲು ಊರಿಗೆ ಗಂಡಿನ ಕಡೆಯವರು ಬಂದರು. ಅದು ಐದನೆಯದೋ ಆರನೆಯದೋ. ತಿಂಡಿಯ ತಟ್ಟೆ ಇಟ್ಟು ನಾನು ಒಳಗೆ ಹೋದ ಮೇಲೆ, ಗಂಡಿನ ತಾಯಿ ಪಕ್ಕದಲ್ಲಿದ್ದವರಿಗೆ ತೆಲುಗಿನಲ್ಲಿ, “ಅಮ್ಮಾಯಿ ಬಾಗಾ ಲಾವು,” ಅಂದರು. ಹುಡುಗಿ ತುಂಬಾ ದಪ್ಪ ಎಂದು. ನಮ್ಮ ಸೀಮೆಯಲ್ಲಿ ತೆಲುಗು ಬಾರದವರು ಯಾರಿದ್ದಾರೆ? ಅವರು ಹೋದ ಮೇಲೆ ಅಮ್ಮ ಉಳಿದ ಉಪ್ಪಿಟ್ಟನ್ನು ಹಸುವಿನ ಬಾನಿಗೆ ಸುರಿಯುತ್ತಾ, ನನ್ನ ಕಡೆ ನೋಡದೆ, “ಒಂದೊತ್ತು ಮುದ್ದೆ ಬಿಡೇ, ಅಂಗಾದ್ರೂ ಇಳೀತದೇನೋ,” ಅಂದಳು. ನಾನು ಆಗಲೇ ಒಂದು ಹೊತ್ತು ಬಿಟ್ಟು ಎಂಟು ತಿಂಗಳಾಗಿತ್ತು. ಅದನ್ನು ಹೇಳಲಿಲ್ಲ.

ಮರುದಿನ ಅಕ್ಕನ ಹಳೆಯ ಆಸ್ಪತ್ರೆ ಚೀಟಿಯೊಂದನ್ನು ಕ್ಯಾಲೆಂಡರಿನ ಹಿಂದಿನಿಂದ ತೆಗೆದುಕೊಂಡೆ. ಬಂಗಾರಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ತೋರಿಸಿದೆ. ಅಂಗಡಿಯವರು ಯಾರಿಗೆ ಎಂದು ಕೇಳಿದರು. “ನಮ್ಮ ಅಕ್ಕನಿಗೆ” ಅಂದೆ. ಕೊಟ್ಟರು.

ಮೊದಲು ದಿನಕ್ಕೊಂದು ತೆಗೆದುಕೊಂಡೆ. ಹದಿನೈದು ದಿನ ಏನೂ ಆಗಲಿಲ್ಲ. ಎರಡು ಮಾಡಿದೆ. ಒಂದು ತಿಂಗಳಾದ ಮೇಲೆ ಮೂರು. ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಾಣ್ಯ ಹಾಕಿದರೆ ಬಣ್ಣದ ದೀಪಗಳು ಸುತ್ತಿ, ತೂಕ ಅಚ್ಚಾದ ರಟ್ಟಿನ ಚೀಟಿ ಉದುರಿಸುವ ಯಂತ್ರವಿತ್ತು. ವಾರಕ್ಕೊಮ್ಮೆ, ರೈಲು ಹೊರಟು ಜನ ಖಾಲಿಯಾಗುವವರೆಗೆ ಕಾದು, ಅದರ ಮೇಲೆ ನಿಲ್ಲುತ್ತಿದ್ದೆ. ಎಪ್ಪತ್ತೊಂಬತ್ತು ಬಂತು. ಆಮೇಲೆ ಎಪ್ಪತ್ತಾರು, ಎಪ್ಪತ್ಮೂರು, ಕೊನೆಗೆ ಎಪ್ಪತ್ತೊಂದು. ಚೀಟಿಯ ಹಿಂದೆ ಭವಿಷ್ಯವೂ ಇರುತ್ತಿತ್ತು. ನಿಮ್ಮ ಮಾತಿಗೆ ಎಲ್ಲರೂ ಮರುಳಾಗುತ್ತಾರೆ, ನಿಮ್ಮ ಸ್ನೇಹಿತರು ಬಹಳ, ಅಂತೆಲ್ಲ. ಆ ಚೀಟಿಗಳನ್ನು ತಲೆದಿಂಬಿನ ಕವರಿನೊಳಗೆ ಇಟ್ಟುಕೊಂಡಿದ್ದೆ.

ಜನ ನನ್ನನ್ನು ನೋಡತೊಡಗಿದರು. ಆಫೀಸಿನಲ್ಲಿ ಮೂರು ವರ್ಷ ಪಕ್ಕದಲ್ಲೇ ಕೂತು ಕೆಲಸದ ಮಾತು ಬಿಟ್ಟು ಬೇರೆ ಆಡದ ಹೆಂಗಸು, “ಏನ್ರೀ, ಕಳೆ ಬಂದಿದೆ ನಿಮಗೆ,” ಅಂದರು. ಊರಿಗೆ ಹೋದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ಎಲ್ಲರೂ ಎಷ್ಟು ಇಳಿದೆ ಎಂದು ಕೇಳಿದರು. ಹೇಗಿದ್ದೀಯ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಬಹಳ ಇತ್ತು. ಎದೆ ಸುಮ್ಮನೆ ಕೂತಾಗಲೂ ಓಡುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಲೈನಿನ ಸದ್ದಿಗಿಂತ ಜೋರಾಗಿ ನನ್ನ ಎದೆಯ ಬಡಿತವೇ ಕೇಳಿಸುತ್ತಿತ್ತು. ಅಂಗೈ ಯಾವಾಗಲೂ ಒದ್ದೆ. ನಿದ್ದೆ ಇಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಸ್ಟೇಷನ್ನಿನ ಮೆಟ್ಟಿಲು ಹತ್ತಲು ತೊಡೆಯಲ್ಲಿ ಕಸುವಿಲ್ಲ. ಎಂಬತ್ತೆರಡು ಕೆ.ಜಿ. ಇದ್ದಾಗ ಸಲೀಸಾಗಿ ಹತ್ತುತ್ತಿದ್ದವಳು ಈಗ ಕಂಬಿ ಹಿಡಿದು ಹತ್ತುತ್ತಿದ್ದೆ. ಬೋರ್ಡಿನಲ್ಲಿ ಪ್ಲಗ್ಗು ಹಿಡಿದ ಕೈ ನಡುಗಿ ಒಂದರ ಬದಲು ಇನ್ನೊಂದು ತೂತಿಗೆ ಹೋಗುತ್ತಿತ್ತು.

ನಾಲ್ಕನೆಯ ತಿಂಗಳಲ್ಲಿ ಅಂಗಡಿಯವರು ಸ್ಟಾಕ್ ಇಲ್ಲ, ಬರುವುದು ತಡವಾಗುತ್ತದೆ ಅಂದರು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅಕ್ಕ ನೀರು ಹಿಡಿಯಲು ನಲ್ಲಿಯ ಕಡೆ ಹೋದಾಗ ಅವರ ಕಂದು ಸೀಸೆಯಿಂದ ಒಂದು ಮಾತ್ರೆ ತೆಗೆದೆ.

ಅದೊಂದು ಸಲ ಎಂದುಕೊಂಡಿದ್ದೆ. ದಿನವೂ ತೆಗೆದೆ. ಕೆಲವು ದಿನ ಎರಡು.

ತಿಂಗಳು ಅರ್ಧಕ್ಕೇ ಅಕ್ಕನ ಸೀಸೆ ತಳ ಕಂಡಿತು. ಅವರು ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದರು. “ನೋಡು ಕಣ್ಣು, ತಗೊಂಡಿದ್ದು ಮರ್ತು ಇನ್ನೊಂದ್ಸಲ ತಗೊಂಡ್ಬುಡ್ತೀನಿ ಅಂತ ಕಾಣ್ತದೆ. ವಯಸ್ಸಾಯ್ತಲ್ಲ,” ಎಂದು ನಕ್ಕರು. ನಾನು, “ಇರಬಹುದು ಅಕ್ಕ,” ಅಂದೆ. ಆ ಎರಡು ಮಾತು ನನ್ನ ಬಾಯಿಂದಲೇ ಬಂದದ್ದು.

ಆಸ್ಪತ್ರೆಯಲ್ಲಿ ತಿಂಗಳಾಗದೆ ಮತ್ತೆ ಕೊಡುತ್ತಿರಲಿಲ್ಲ. ಅಕ್ಕ ಉಳಿದ ಮಾತ್ರೆಗಳನ್ನು ಈಳಿಗೆಮಣೆಯ ಮೇಲೆ ಇಟ್ಟು ಅರ್ಧರ್ಧ ಮಾಡತೊಡಗಿದರು. ಪುಟ್ಟ ಮಾತ್ರೆ, ಸರಿಯಾಗಿ ಮುರಿಯುತ್ತಿರಲಿಲ್ಲ. ಪುಡಿಯಾದದ್ದನ್ನು ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದರು. ನಾನು ಎದುರಿಗೇ ಕೂತು ದೋಸೆ ತಿನ್ನುತ್ತಿದ್ದೆ. ಮುಂದಿನ ತಿಂಗಳು ಹೊಸದಾಗಿ ಸೀಸೆ ತುಂಬಿತು. ನಾನು ಅದರಿಂದಲೂ ತೆಗೆದೆ.

ಬೇಸಗೆ ಬಂತು. ಆ ತಗಡಿನ ಮನೆಯಲ್ಲಿ ಮಧ್ಯಾಹ್ನ ಕಾಲಿಡಲಾಗದಷ್ಟು ಧಗೆ. ಒಂದು ಭಾನುವಾರ ನಾನು ನನ್ನ ಕೋಣೆಯಲ್ಲಿ ಸೀರೆ ಸಡಿಲಿಸಿ, ಫ್ಯಾನಿನ ಕೆಳಗೆ ನೆಲದ ಮೇಲೆ ಬಿದ್ದುಕೊಂಡು ಬೆವರುತ್ತಿದ್ದೆ. ನೀರು ಕುಡಿಯಲು ಹೊರಗೆ ಬಂದರೆ ಅಕ್ಕ ಗೋಡೆಗೊರಗಿ, ಕಂಬಳಿ ಹೊದ್ದು ಕೂತಿದ್ದರು. “ಚಳಿ ಕಣ್ಣು,” ಅಂದರು. ದನಿ ದಪ್ಪವಾಗಿ, ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ರೆಪ್ಪೆಗಳು ಊದಿದ್ದವು. ನಾನು ಅವರ ಕೈ ಮುಟ್ಟಿದೆ, ತಣ್ಣಗಿತ್ತು. ನನ್ನ ಕೈ ಸುಡುತ್ತಿದ್ದದ್ದು ಅವರಿಗೂ ತಿಳಿಯಿತು. “ಜ್ವರವೇನೇ ನಿಂಗೆ?” ಎಂದು ಏಳಲು ಹೋದರು. ಏಳಲಾಗಲಿಲ್ಲ.

ಆ ಫೋಟೋದ ಹೆಂಗಸು ಮತ್ತೆ ಬಂದು ನಮ್ಮ ಮನೆಯಲ್ಲಿ ಕೂತಿದ್ದಳು. ಕರೆದುಕೊಂಡು ಬಂದವಳು ನಾನು.

ಮರುದಿನ ರಜೆ ಹಾಕಿ ಅಕ್ಕನನ್ನು ರಾಬರ್ಟ್‌ಸನ್ ಪೇಟೆಯ ಒಬ್ಬ ಲೇಡಿ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಅಕ್ಕನ ಕಾಲನ್ನು ಒತ್ತಿ ನೋಡಿದರು, ನಾಡಿ ಹಿಡಿದರು. “ಮಾತ್ರೆ ದಿನಾ ತಗೊಳ್ತಿದ್ದೀರಾ?” ಎಂದು ಕೇಳಿದರು.

“ತಗೊಳ್ತೀನಿ ಡಾಕ್ಟ್ರಮ್ಮಾ. ಆದ್ರೆ ಬೇಗ ಮುಗ್ದೋಗ್ತದೆ. ಮರೆವು ನಂಗೆ,” ಅಂದರು ಅಕ್ಕ.

ಡಾಕ್ಟರು ಚೀಟಿ ಬರೆದು ನನ್ನ ಕಡೆ ಚಾಚಿದರು. ನಾನು ಹಿಡಿದ ಕಾಗದ ನಡುಗಿ ಸದ್ದು ಮಾಡಿತು. ಅವರು ನನ್ನ ಮುಖ ನೋಡಿದರು, ಆಮೇಲೆ ಮಣಿಕಟ್ಟು ಹಿಡಿದರು. ಗಡಿಯಾರ ನೋಡುತ್ತಾ ಎಣಿಸಿದರು. ನರ್ಸನ್ನು ಕರೆದು ಅಕ್ಕನನ್ನು ಹೊರಗೆ ಕೂರಿಸಲು ಹೇಳಿದರು.

“ಎಷ್ಟು ದಿನದಿಂದ?” ಎಂದು ಕೇಳಿದರು. ಬೈಯಲಿಲ್ಲ.

ಹೇಳಿದೆ. ಚೀಟಿ, ಅಂಗಡಿ, ಸೀಸೆ, ಸ್ಟೇಷನ್ನಿನ ಮೆಟ್ಟಿಲು, ಎಲ್ಲ.

“ಅವರ ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಇಲ್ಲ, ಅದಕ್ಕೆ ಕೊಡ್ತೀವಿ,” ಅಂದರು ಡಾಕ್ಟರು. “ನಿನ್ನ ಮೈ ತನಗೆ ಬೇಕಾದಷ್ಟು ತಾನೇ ಮಾಡ್ಕೊಳ್ತಾ ಇರಬೇಕು. ಅದರ ಮೇಲೆ ನೀನು ಸುರಿದಿದ್ದೀಯ. ತೂಕ ಇಳಿದಿದೆ, ಇಲ್ಲ ಅನ್ನಲ್ಲ. ಆದರೆ ಕೊಬ್ಬಿನ ಜೊತೆಗೆ ಮಾಂಸಖಂಡಾನೂ ಹೋಗಿದೆ. ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅಂದ್ಯಲ್ಲ? ಹೃದಯ ಹೀಗೇ ಓಡ್ತಿದ್ರೆ ಒಂದು ದಿನ ತಾಳ ತಪ್ಪುತ್ತೆ. ಬಿಟ್ಟ ಮೇಲೆ ತೂಕ ವಾಪಸ್ ಬರುತ್ತೆ, ಅದನ್ನೂ ಈಗಲೇ ಹೇಳಿರ್ತೀನಿ.”

ನಾನು ಅಳತೊಡಗಿದೆ. ಡಾಕ್ಟರು, “ಅವರಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?” ಅಂದರು. ನಾನೇ ಹೇಳುತ್ತೇನೆ ಅಂದೆ.

ಮನೆಗೆ ಬಂದು, ಅಕ್ಕನಿಗೆ ಬಿಸಿನೀರು ಕಾಯಿಸಿ ಕೊಟ್ಟು, ಒಲೆಯ ಪಕ್ಕ ನಿಂತೇ ಹೇಳಿದೆ. ನಿಮಗೆ ಮರೆವು ಇಲ್ಲ ಅಕ್ಕ, ನಾನು ತೆಗೆದುಕೊಳ್ಳುತ್ತಿದ್ದೆ ಎಂದು. ಅಕ್ಕ ಲೋಟವನ್ನು ನೆಲದ ಮೇಲಿಟ್ಟರು.

“ಯಾಕೆ?” ಅಂದರು.

“ತೆಳ್ಳಗಾಗೋಕೆ.”

“ನಂಗೆ ಬುದ್ಧಿ ಓಗ್ತಾ ಇದೆ ಅಂದ್ಕೊಂಡಿದ್ದೆ ಕಣ್ಣು. ನಮ್ಮಮ್ಮ ಅಂಗೇ ಆಗಿ ಸತ್ತಿದ್ದು. ದಿನಾ ಅದೇ ಭಯ ನಂಗೆ. ನೀನು ಎದುರಿಗೇ ಇದ್ದೆ.”

ಅಷ್ಟೇ ಅಂದದ್ದು. ಮನೆ ಬಿಡು ಅನ್ನಲಿಲ್ಲ. ಊಟಕ್ಕೆ ಕರೆಯುವುದನ್ನೂ ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಸೀಸೆ ಕಬ್ಬಿಣದ ಟ್ರಂಕಿನೊಳಗೆ ಹೋಯಿತು. ದಿನಾ ಬೆಳಿಗ್ಗೆ ಬೀಗ ತೆಗೆಯುವ ಸದ್ದು, ಮುಚ್ಚಳ ಎತ್ತುವ ಸದ್ದು, ಮತ್ತೆ ಬೀಗದ ಸದ್ದು. ನಾನು ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಎರಡು ತಿಂಗಳಲ್ಲಿ ಅಕ್ಕ ಮೊದಲಿನಂತಾದರು. ನನ್ನನ್ನು ಕಣ್ಣು ಎಂದು ಕರೆಯುವುದನ್ನು ಮಾತ್ರ ಬಿಟ್ಟಿದ್ದರು. ಹೆಸರು ಹಿಡಿದು, ‘ನೀವು’ ಸೇರಿಸಿ, ಮರ್ಯಾದೆಯಿಂದ ಮಾತಾಡಿಸುತ್ತಿದ್ದರು.

ನಾನು ಬಂಗಾರಪೇಟೆಯಲ್ಲೇ ಒಂದು ಕೋಣೆ ಹಿಡಿದೆ. ಹೊರಡುವ ದಿನ ಅಕ್ಕ ಒಂದು ಡಬ್ಬಿ ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟು, ರೈಲು ತಪ್ಪೀತು ಹೊರಡಿ ಅಂದರು. ಕೆಲವು ತಿಂಗಳ ಮೇಲೆ ಡಬ್ಬಿ ವಾಪಸ್ ಕೊಡಲು ಹೋದೆ. ಮನೆಯಲ್ಲಿ ಬೇರೆ ಯಾರೋ ಇದ್ದರು. ಅಕ್ಕ ಸೇಲಂಗೆ ಮಗಳ ಮನೆಗೆ ಹೋದರು ಅಂದರು. ವಿಳಾಸ ಅವರಿಗೂ ಗೊತ್ತಿರಲಿಲ್ಲ.

ಡಾಕ್ಟರು ಹೇಳಿದಂತೆ ವರ್ಷದೊಳಗೆ ತೂಕ ವಾಪಸ್ ಬಂತು, ಎರಡು ಕೆ.ಜಿ. ಹೆಚ್ಚಿಗೇ ಬಂತು. ರಕ್ತವನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ನನ್ನ ಗ್ರಂಥಿಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಮದುವೆಯ ಮಾತು ಒಂದೆರಡು ಸಲ ಎದ್ದು, ಆಮೇಲೆ ಏಳುವುದನ್ನೇ ನಿಲ್ಲಿಸಿತು. ಅಮ್ಮನಿಗೆ ಈ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ. ಆ ವರ್ಷ ಹುಡುಗಿ ಎಷ್ಟು ಚೆನ್ನಾಗಿದ್ದಳು ಎಂದು ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂದು ಹಳೆಯ ಬೋರ್ಡುಗಳು ಗುಜರಿಗೆ ಹೋದವು. ನನ್ನನ್ನು ಬಿಲ್ಲು ಸೆಕ್ಷನ್ನಿಗೆ ಹಾಕಿದರು. ಅಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ದುಂಡಗಿದ್ದಳು, ಒಂದು ದಿನ ಪತ್ರಿಕೆಯ ಜಾಹೀರಾತು ಕತ್ತರಿಸಿ ತಂದು ತೋರಿಸಿದಳು. ಹಾರ್ಮೋನ್ ಸಮ ಮಾಡಿ ತೂಕ ಇಳಿಸುವ ಪುಡಿ, ಅಂಚೆಯಲ್ಲಿ ಕಳಿಸುತ್ತಾರಂತೆ. “ಮೇಡಂ, ತರಿಸ್ಲಾ? ನೀವೂ ಸೇರ್ತೀರಾ?” ಅಂದಳು.

ಊಟದ ಹೊತ್ತು, ಸೆಕ್ಷನ್ನಿನಲ್ಲಿ ನಾವಿಬ್ಬರೇ ಇದ್ದೆವು. ಯಾರಿಗೂ ಹೇಳದ ಈ ಕತೆಯನ್ನು ಅವಳಿಗೆ ಹೇಳಿದೆ. ಅಕ್ಕನ ಕಂಬಳಿ, ಮುರಿದ ಮಾತ್ರೆಯ ಪುಡಿ, ಯಾವುದನ್ನೂ ಬಿಡಲಿಲ್ಲ. ಪುಡಿಯಲ್ಲಿ ಏನು ಬೆರೆಸಿದ್ದಾರೋ ಯಾರಿಗೆ ಗೊತ್ತು, ಮೊದಲು ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಮ್ಮಾ, ಕೊರತೆ ಇದ್ದರೆ ಅವರೇ ಕೊಡುತ್ತಾರೆ ಎಂದೆ. ಅವಳು ಡಬ್ಬಿಯ ಅನ್ನ ಮುಟ್ಟದೆ ಕೇಳಿದಳು. ಕಣ್ಣಲ್ಲಿ ನೀರೂ ಬಂದಿತ್ತು.

ಡಬ್ಬಿ ಮುಚ್ಚಿ ಮೆಲ್ಲಗೆ ಕೇಳಿದಳು, “ಒಟ್ಟು ಎಷ್ಟು ಕೆ.ಜಿ. ಇಳಿದಿದ್ರಿ ಮೇಡಂ?”

“ಹನ್ನೊಂದು,” ಅಂದೆ.

ಅವಳು ಜಾಹೀರಾತನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಪುಡಿ ತರಿಸಿದಳೋ, ಡಾಕ್ಟರ ಹತ್ತಿರ ಹೋದಳೋ ನನಗೆ ಗೊತ್ತಿಲ್ಲ. ಎರಡು ತಿಂಗಳಿಗೆ ಅವಳಿಗೆ ಕೋಲಾರಕ್ಕೆ ವರ್ಗವಾಯಿತು.