ಪಶ್ಚಿಮದ ಗಾಳಿ ಎತ್ತ ಹೋಗುತ್ತದೆ?

ಏಪ್ರಿಲ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ರಜೆಗೆ ಬಂದಿದ್ದ ಮೊಮ್ಮಗಳು. ಅವಳು ಪರಿಸರ ಎಂಜಿನಿಯರಿಂಗ್ ಓದುತ್ತಾಳೆ. ನಾನು ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು. ಚಹಾ, ದಾಡಿ, ಸ್ನಾನ ಎಲ್ಲಕ್ಕೂ ಇಂದಿಗೂ ಹೊತ್ತು ಗೊತ್ತು ಮಾಡಿಕೊಂಡವನು.

ಅಂದಿನ ಮುಖ್ಯ ಕೆಲಸ ಸಂಡಿಗೆ ಒಣಗಿಸುವುದು. ಚಿಂಚೋಳಿಯ ಬೀಗರ ಮನೆಯ ಮದುವೆಗೆ ಕಳಿಸಬೇಕಾದ ಗೋಧಿ ಹಾಲಿನ ಸಂಡಿಗೆ ಅದು, ಅಚ್ಚ ಬೆಳ್ಳಗಿರಬೇಕು. ಹಿಂದಿನ ವರ್ಷ ನಮ್ಮ ಮನೆಯ ಪಶ್ಚಿಮಕ್ಕಿರುವ ಇಟ್ಟಿಗೆ ಸುಡುವ ಭಟ್ಟಿಯ ಬೂದಿ ಬಿದ್ದು ಚುಕ್ಕಿ ಚುಕ್ಕಿಯಾಗಿತ್ತು. ಬೀಗತಿ ಎಲ್ಲರ ಮುಂದೆ, "ಎಳ್ಳು ಹಾಕೀರೇನ್ರಿ?" ಎಂದು ಕೇಳಿದ್ದರು. ನನ್ನ ಹೆಂಡತಿ ಆ ಮಾತನ್ನು ಇನ್ನೂ ಮರೆತಿರಲಿಲ್ಲ.

ಮೊಮ್ಮಗಳು ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಆ ಭಟ್ಟಿಯ ಚಿಮಣಿ, ಸುತ್ತ ನಮ್ಮ ಓಣಿಗಳ ನಕ್ಷೆ. ಚಿಮಣಿಯನ್ನು ಎತ್ತರಿಸಬಹುದು, ಬಾಣ ತಿರುಗಿಸಿ ಗಾಳಿಯ ದಿಕ್ಕು ಬದಲಿಸಬಹುದು. ಹೊಗೆ ನೆಲ ಮುಟ್ಟುವ ಜಾಗ ಕೆಂಪಾಗುತ್ತದೆ. ನಾನು ಚಿಮಣಿಯನ್ನು ಮೇಲಕ್ಕೆ ಎಳೆದೆ. ಕೆಂಪು ನಮ್ಮ ಓಣಿ ಬಿಟ್ಟು ಮುಂದಿನ ಓಣಿಗೆ ಹೋಯಿತು.

"ಹೊಗಿ ಹೋಗ್ಲಿಲ್ಲ ಮುತ್ಯಾ, ಬರೇ ಟ್ರಾನ್ಸ್‌ಫರ್ ಆಯ್ತು," ಎಂದು ನಕ್ಕು ಅವಳು ಸ್ನಾನಕ್ಕೆ ಹೋದಳು.

ಫೋನು ನೋಡಿದೆ: ಎಂಟರ ನಂತರ ಪಶ್ಚಿಮದ ಗಾಳಿ. ಚಿಮಣಿಯನ್ನು ಮೊದಲಿನ ಎತ್ತರಕ್ಕೇ ಇಳಿಸಿ, ಬಾಣವನ್ನು ಪಶ್ಚಿಮಕ್ಕೆ ತಿರುಗಿಸಿದೆ. ಹೊಗೆಯೆಲ್ಲ ಅತ್ತ ಓಡಿತು. ನಮ್ಮ ಮಾಳಿಗೆಯ ಮೇಲೆ ಕೆಂಪು ಚುಕ್ಕೆಯೂ ಇಲ್ಲ. "ಲೈನ್ ಕ್ಲಿಯರ್," ಎಂದು ಘೋಷಿಸಿದೆ.

"ಖರೇನ? ಇಲ್ಲಂದ್ರ ಒಳಗ ಫ್ಯಾನ್ ಕೆಳಗೇ ಹಾಕ್ತೀನಿ," ಎಂದಳು ಹೆಂಡತಿ.

"ನಾ ಅಲ್ಲ, ಕಂಪ್ಯೂಟರ್ ಹೇಳ್ಲಿಕತ್ತದ."

ಅವಳು ಮಾಳಿಗೆಯಲ್ಲಿ ಮಂಚಕ್ಕೆ ನನ್ನ ಬಿಳಿ ಧೋತರ ಹಾಸಿ ಸಂಡಿಗೆ ಒತ್ತಿದಳು. ಎಂಟಾಯಿತು. ಭಟ್ಟಿಯಲ್ಲಿ ಕಲ್ಲಿದ್ದಲು ಸುರಿದರು. ಕಪ್ಪು ಹೊಗೆ ಮೇಲೆದ್ದು, ಒಂದು ಕ್ಷಣ ನಿಂತು, ನೇರ ನಮ್ಮ ಕಡೆಗೇ ಹೊರಟಿತು.

ಮೊಮ್ಮಗಳು ತಲೆ ಒರೆಸಿಕೊಳ್ಳುತ್ತ ಓಡಿ ಬಂದಳು. "ಮುತ್ಯಾ, ಬಾಣ ಎತ್ತ ತಿರುವಿದಿ?"

"ಪಶ್ಚಿಮಕ್ಕ. ಸೋಲಾಪುರ ಗಾಡಿ ಎತ್ತ ಹೋಗ್ತದ? ಸೋಲಾಪುರಕ್ಕ. ಹಂಗೇ ಪಶ್ಚಿಮದ ಗಾಳಿ."

"ಅಯ್ಯ, ಗಾಳಿಗಿ ಬರೋ ಕಡೀದೇ ಹೆಸರು, ಹೋಗೋ ಕಡೀದಲ್ಲ!"

"ಇಷ್ಟು ವರ್ಷ ಗಾಡಿ ಹೆಂಗ ಬಿಟ್ಟಾರೋ ಇವರು," ಎಂದಳು ಹೆಂಡತಿ.

ಮೊಮ್ಮಗಳು ಬಾಣ ಸರಿಪಡಿಸಿದಳು. ನಮ್ಮ ಮಾಳಿಗೆ ಕೆಂಪಗಾಯಿತು. ಭಟ್ಟಿಯ ಆಚೆ, ಪಶ್ಚಿಮಕ್ಕೆ, ಭಟ್ಟಿ ಮಾಲೀಕರ ಮನೆ ಮಾತ್ರ ನಿರ್ಮಲವಾಗಿತ್ತು. ನಮ್ಮ ಮನೆಯೊಳಗೂ ಹೊಗೆ ನುಗ್ಗುತ್ತಿತ್ತು; ಮಂಚವನ್ನು ಅಲ್ಲಿಗೇ ಹೊತ್ತೊಯ್ಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮಂಚದ ನಾಲ್ಕೂ ಮೂಲೆಗೆ ಸೊಳ್ಳೆ ಪರದೆಯ ಕೋಲು ಕಟ್ಟಿ, ಸಂಡಿಗೆಗೆ ತಾಕದಂತೆ ಮೇಲೆ ಇನ್ನೊಂದು ಧೋತರ ಬಿಗಿದೆವು. ಮುಂದೆ ನಾನು, ಹಿಂದೆ ಮೊಮ್ಮಗಳು ಹೊತ್ತೆವು. ಹೆಂಡತಿ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ನಡೆದಳು.

ಹಿಟ್ಟಿನ ಗಿರಣಿಯವನು ನಮ್ಮನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದ. "ಯಾರ್ ಹೋದ್ರಿ ಮಾಸ್ತರ?"

"ಇವರ ಬುದ್ಧಿ ಹೋಗ್ಯಾದ. ದಾರಿ ಬಿಡಪ್ಪಾ," ಎಂದಳು ಹೆಂಡತಿ.

ಭಟ್ಟಿ ಮಾಲೀಕರ ಹೆಂಡತಿ ವಿಷಯ ಕೇಳಿ ಮಾಳಿಗೆ ತೋರಿಸಿದರು. "ಹಾಕ್ರಿ ಅಕ್ಕಾರ. ನಮ್ಮಲ್ಲಿ ಬೂದಿ ಬೀಳಂಗಿಲ್ರಿ."

"ಗೊತ್ತದ್ರಿ. ಎಲ್ಲಾ ನಮ್ಮ ಮನಿಗೇ ಬರ್ತದಲ್ಲ."

ಆಕೆ ಚಹಾ ಮಾಡಲು ಒಳಗೆ ಹೋದರು.

ಸಂಜೆಗೆ ಸಂಡಿಗೆ ಗರಿಗರಿಯಾಗಿ ಒಣಗಿತು. ಮನೆಯಲ್ಲಿ ಹೆಂಡತಿ ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದಳು. ಬೆಳಗಿನ ಹೊಗೆಗೆ ಸಿಕ್ಕ ಕೆಲವನ್ನು ಮುರಿದು, "ಇವು ನಿಮಗ," ಎಂದು ನನ್ನ ಮುಂದೆ ಸುರಿದಳು. ಉಳಿದವು ಬೆಳ್ಳಗಿದ್ದವು. ಅವನ್ನು ಡಬ್ಬಿಗೆ ತುಂಬಿಸಿ, "ಈಗ ಕೇಳ್ಲಿ ನೋಡೋಣ, ಎಳ್ಳು ಹಾಕೀರೇನಂತ," ಎಂದಳು. ನಾನು ಮುಚ್ಚಳ ಒತ್ತಿ, ಹಗ್ಗ ಬಿಗಿದು ಕಟ್ಟಿದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.