ಊಟಕ್ಕೆ ಯಾರ ಪಕ್ಕ ಕೂರುವುದು

ನಮ್ಮ ಸಾಮಾನಿನ ಲಾರಿ ಬಸವನಗುಡಿ ಕಡೆಯ ಶಂಕರಪುರಂನಲ್ಲಿ, ನನ್ನ ಸೋದರತ್ತೆಯ ಮನೆ ಮುಂದೆ ಬಂದು ನಿಂತಿತ್ತು. ಮಂಚದ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ, ಅಷ್ಟರಲ್ಲಿ ಎದುರು ಮನೆಯ ಹಿರಿಯರು ಗೇಟಿನ ತನಕ ಬಂದು ಕೇಳಿಯೇಬಿಟ್ಟರು: "ಮಕ್ಕಳಿಗೆ ಯಾವ ಸ್ಕೂಲು?" ಎಲ್ಲಿಂದ ಬಂದಿರಿ, ಏನು ಕೆಲಸ, ಎಷ್ಟು ದಿನ ಇರುತ್ತೀರಿ, ಇದಾವುದೂ ಅವರಿಗೆ ಬೇಕಿರಲಿಲ್ಲ. ಇನ್ನೂ ಗೊತ್ತಾಗಿಲ್ಲ ಎಂದೆ. ಮಕ್ಕಳಿಗೆ ಇನ್ನೂ ಹೆಸರಿಟ್ಟಿಲ್ಲ ಎಂದಿದ್ದರೂ ಅವರು ಅಷ್ಟು ಕನಿಕರದಿಂದ ನನ್ನನ್ನು ನೋಡುತ್ತಿರಲಿಲ್ಲವೇನೋ.

ನನ್ನ ಹೆಂಡತಿಯದು ಬ್ಯಾಂಕಿನ ಕೆಲಸ, ಕೆಲವು ವರ್ಷಕ್ಕೊಮ್ಮೆ ವರ್ಗ. ನಾನು ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವನು. ಒಂದು ಮೇಜು, ಒಂದು ಕುರ್ಚಿ ಇದ್ದರೆ ನನಗೆ ಯಾವ ಊರಾದರೂ ನಡೆಯುತ್ತದೆ. ಹೀಗಾಗಿ ಅಡುಗೆಮನೆಯೂ ಮಕ್ಕಳ ಊಟದ ಡಬ್ಬಿಯೂ ನನ್ನ ಪಾಲಿನವು. ಈ ಸಲ ವಿಜಯಪುರದಿಂದ ಬೆಂಗಳೂರಿನ ಚಾಮರಾಜಪೇಟೆಯ ಶಾಖೆಗೆ ವರ್ಗವಾಯಿತು, ಅದೂ ಶಾಲೆಗಳೆಲ್ಲ ಶುರುವಾದ ಮೇಲೆ. ಬಾಡಿಗೆ ಮನೆ ಸಿಗುವ ತನಕ ಇಲ್ಲೇ ಇರಿ ಎಂದು ನನ್ನ ಸೋದರತ್ತೆ ತಮ್ಮ ಮಹಡಿಯನ್ನು ಬಿಟ್ಟುಕೊಟ್ಟರು. ಎಪ್ಪತ್ತು ದಾಟಿದ ಅತ್ತೆಗೆ ಮನೆಯಲ್ಲಿ ಗಲಾಟೆ ಇದ್ದಷ್ಟೂ ಖುಷಿ.

ಮಕ್ಕಳಲ್ಲಿ ಚಿಕ್ಕವಳು ಒಂದನೆಯ ಕ್ಲಾಸಿಗೆ. ಅವಳದೇನೂ ತಕರಾರಿಲ್ಲ, ಜಾರುಬಂಡೆ ಇದ್ದರೆ ಸಾಕು, ಅದೇ ಒಳ್ಳೆಯ ಶಾಲೆ. ಏಳನೆಯ ಕ್ಲಾಸಿಗೆ ಸೇರಬೇಕಾಗಿದ್ದ ದೊಡ್ಡವಳದೇ ಯೋಚನೆ. ಇದು ಅವಳಿಗೆ ನಾಲ್ಕನೆಯ ಶಾಲೆ. ಬರುವಾಗ ರೈಲಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಅಪ್ಪಾ, ಯಾವ ಸ್ಕೂಲಿಗಾದ್ರೂ ಹಾಕು. ಊಟಕ್ಕೆ ಮಾತ್ರ ಒಬ್ಬಳೇ ಕೂತ್ಕೊಳ್ಳೋದು ಇನ್ನು ನನ್ನ ಕೈಲಿ ಆಗಲ್ಲ."

ಕೆದಕಿ ಕೇಳಿದೆ. ನಡುವೆ ಬಂದು ಸೇರಿದವರಿಗೆ ನೋಟ್ಸ್ ಕೊಡುವವರು ಸಿಗುತ್ತಾರಂತೆ, ಬೆಂಚಿನಲ್ಲಿ ಜಾಗವೂ ಸಿಗುತ್ತದಂತೆ. ಊಟದ ಬೆಲ್ ಹೊಡೆದಾಗ ಮಾತ್ರ ಎಲ್ಲರೂ ತಮ್ಮ ತಮ್ಮ ಗುಂಪಿಗೆ ಹೋಗಿಬಿಡುತ್ತಾರಂತೆ. ನಾವು ವಿಜಯಪುರಕ್ಕೆ ಹೋದ ಮೊದಲ ವರ್ಷ ದಸರಾ ರಜೆಯ ತನಕ ಅವಳು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತೇ ಊಟ ಮುಗಿಸಿದ್ದಳು. ಯಾರಾದರೂ ನೋಡಿದರೆ ಪಾತ್ರೆ ತೊಳೆಯುತ್ತಿರುವವಳ ಹಾಗೆ ನಲ್ಲಿ ತಿರುಗಿಸುತ್ತಿದ್ದಳಂತೆ. ಆಮೇಲೆ ಗೆಳತಿಯರು ಸಿಕ್ಕರು, ಸ್ನೇಹ ಗಟ್ಟಿಯಾಗುವ ಹೊತ್ತಿಗೆ ನಾವು ಗಂಟುಮೂಟೆ ಕಟ್ಟಿದೆವು. ದಿನಾ ಬೆಳಗ್ಗೆ ಒಗ್ಗರಣೆ ಹಾಕಿ, ಚೆನ್ನಾಗಿ ತಿನ್ನಲಿ ಎಂದು ತುಪ್ಪ ಬಿಟ್ಟು ಕಳಿಸುತ್ತಿದ್ದವನು ನಾನು. ಈ ಸಲ ಹಾಗಾಗುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ. ಹೇಗೆ ಅಂತ ನನಗೇ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಲ್ಲೇಶ್ವರದಲ್ಲಿರುವ ನನ್ನ ಅಣ್ಣ ಅವತ್ತೇ ಸಂಜೆ ಫೋನ್ ಮಾಡಿದ. "ಆ ಕಡೆ ಸ್ಕೂಲುಗಳೆಲ್ಲ ಬರೀ ಉರು ಹೊಡೆಸ್ತಾರೆ ಕಣೋ. ಈ ಕಡೆ ಬಾ, ಮೆಟ್ರೋ ಇದೆ, ಮಗು ಆರಾಮಾಗಿ ಓಡಾಡತ್ತೆ." ಅತ್ತೆ ಫೋನಿನ ಹತ್ತಿರವೇ ನಿಂತಿದ್ದರು. "ಮಲ್ಲೇಶ್ವರಕ್ಕಾ? ಸ್ಕೂಲಿಗೆ ಹೋಗೋಕೆ ಪ್ರಯಾಣ ಮಾಡ್ತಾರೇನೋ ಯಾರಾದ್ರೂ? ಮನೆ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಂಡ್ರೆ ಬೆಲ್ ಕೇಳಿಸ್ಬೇಕು, ಅದು ಸ್ಕೂಲು" ಎಂದರು. ಅತ್ತೆಯ ಬಸವನಗುಡಿ, ಅಣ್ಣನ ಮಲ್ಲೇಶ್ವರ ಈ ಎರಡರ ಜಗಳದಲ್ಲಿ ನಾನು ಸಣ್ಣವನಿದ್ದಾಗಿನಿಂದ ತಲೆ ಹಾಕಿಲ್ಲ. ದೋಸೆಯ ವಿಷಯಕ್ಕೇ ಅವರಿಬ್ಬರೂ ಒಂದಿಡೀ ಯುಗಾದಿ ಮಾತು ಬಿಟ್ಟಿದ್ದುಂಟು.

ಹೆಂಡತಿಯ ದಾರಿಯೇ ಬೇರೆ. ಸಾಲ ಕೇಳಿ ಬಂದವರನ್ನು ಕೂರಿಸಿಕೊಂಡು ವಿಚಾರಿಸಿ ಅವಳಿಗೆ ಅಭ್ಯಾಸ. ಶಾಲೆಗಳನ್ನೂ ಹಾಗೆಯೇ ವಿಚಾರಿಸಿದಳು. ಮೇಷ್ಟ್ರುಗಳು ಯಾಕೆ ಬಿಟ್ಟು ಹೋಗುತ್ತಾರೆ, ಹತ್ತನೆಯ ಕ್ಲಾಸಿನ ಫಲಿತಾಂಶ ಒಳ್ಳೆಯದು ಅನ್ನುತ್ತೀರಲ್ಲ, ಒಂಬತ್ತರಲ್ಲೇ ಎಷ್ಟು ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದಿರಿ, ಹೀಗೆ. ಒಬ್ಬ ಪ್ರಿನ್ಸಿಪಾಲರು ಹಣೆ ಒರೆಸಿಕೊಂಡು ನೀರು ತರಿಸಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ.

ಅಣ್ಣನ ಮರ್ಯಾದೆಗೆಂದು ಮೊದಲು ಮಲ್ಲೇಶ್ವರದ ಕಡೆಯ ದೊಡ್ಡ ಶಾಲೆಯೊಂದಕ್ಕೆ ಹೋದೆವು. ಹೋಟೆಲಿನ ಹಾಗೆ ರಿಸೆಪ್ಷನ್ನು, ಗಾಜಿನ ಲಿಫ್ಟು, ಈಜುಕೊಳ. ಎಲ್ಲ ತೋರಿಸಿಯಾದ ಮೇಲೆ ಅಲ್ಲಿನ ಮೇಡಂ ದೊಡ್ಡವಳನ್ನು, ಏನಾದರೂ ಕೇಳುವುದಿದೆಯಾ ಎಂದರು. ವಿಜಯಪುರದ 'ರೀ' ಇನ್ನೂ ಅವಳ ನಾಲಿಗೆ ಬಿಟ್ಟಿರಲಿಲ್ಲ.

"ಊಟಕ್ಕೆ ಹೊಸಬರು ಯಾರ ಪಕ್ಕ ಕೂತ್ಕೋತಾರ್ರೀ?"

"ನಮ್ಮಲ್ಲಿ ಡೈನಿಂಗ್ ಹಾಲ್ ಇದೆ. ಮೆನು ಡಯೆಟಿಷಿಯನ್ ಮಾಡಿರೋದು, ತುಂಬಾ ಬ್ಯಾಲೆನ್ಸ್ಡ್" ಎಂದರು ಮೇಡಂ.

ಇನ್ನೊಂದು ಬಸವನಗುಡಿಯ ಆ ತುದಿಯದು. ಗೋಡೆಯ ತುಂಬ ರ್‍ಯಾಂಕ್ ಬಂದವರ ಫೋಟೋಗಳು, ಅದರಲ್ಲಿ ಒಬ್ಬರೂ ನಕ್ಕಿರಲಿಲ್ಲ. ಅಲ್ಲೂ ಮಗಳು ಅದೇ ಪ್ರಶ್ನೆ ಕೇಳಿದಳು. "ಊಟಕ್ಕೆಲ್ಲ ನಾವು ಟೈಮ್ ವೇಸ್ಟ್ ಮಾಡಿಸಲ್ಲ ಸಾರ್. ಬೇಗ ಮುಗಿಸಿ ಕೋಚಿಂಗ್ ಕ್ಲಾಸಿಗೆ ಬರ್ತಾರೆ" ಎಂದು ಅಲ್ಲಿನವರು ನನಗೆ ಉತ್ತರ ಕೊಟ್ಟರು. ಕೇಳಿದವಳು ಪಕ್ಕದಲ್ಲೇ ಇದ್ದಳು. ಹೊರಗೆ ಬಂದ ಮೇಲೆ ಹೆಂಡತಿ, "ಲ್ಯಾಬ್ ಚೆನ್ನಾಗಿದೆ" ಎಂದಳು. ಯಾವುದಾದರೂ ಆಗಬಹುದು ಎಂದು ಮಗಳು ಒಪ್ಪಿಕೊಳ್ಳುವುದಕ್ಕೆ ತಯಾರಾಗುತ್ತಿರುವುದು ನನಗೆ ಕಾಣುತ್ತಿತ್ತು, ಅದೇ ನನಗೆ ಸಂಕಟ.

ಉಳಿದದ್ದು ಅತ್ತೆಯ ಶಾಲೆ. ಗವಿಪುರಂಗೆ ಹೋಗುವ ದಾರಿಯ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಹೆಂಚಿನ ಕಟ್ಟಡ. ಅತ್ತೆ ಓದಿದ್ದು ಅಲ್ಲಿ. ಇಂಗ್ಲಿಷ್ ಮೀಡಿಯಂ ಆಮೇಲೆ ಬಂದಿತ್ತು, ಮಾತು ಮಾತ್ರ ಎಲ್ಲ ಕನ್ನಡದಲ್ಲೇ ಎನ್ನುತ್ತಿದ್ದರು. ಆದರೆ ಏಳನೆಯ ಕ್ಲಾಸು ಭರ್ತಿಯಾಗಿದೆ, ಸೀಟು ಕಷ್ಟ ಎಂದು ಫೋನಿನಲ್ಲಿ ಹೇಳಿದ್ದರು.

"ಹಂಗೆಲ್ಲಾ ಸೀದಾ ಹೋಗಿ ಕೇಳ್ಬಾರ್ದು ಕಣೋ. ಯಾರ ಹತ್ರಾನಾದ್ರೂ ಹೇಳಿಸ್ಬೇಕು" ಎಂದರು ಅತ್ತೆ.

ಈ 'ಹೇಳಿಸುವುದು' ಹಳೆಯ ಬೆಂಗಳೂರಿನ ದೊಡ್ಡ ವಿದ್ಯೆ. ಗ್ಯಾಸ್ ಸಿಲಿಂಡರಿನಿಂದ ಮದುವೆ ಛತ್ರದ ತನಕ ಇಲ್ಲಿ ಯಾರೂ ನೇರವಾಗಿ ಕೇಳುವುದಿಲ್ಲ, ಗೊತ್ತಿರುವವರಿಂದ ಒಂದು ಮಾತು ಹೇಳಿಸುತ್ತಾರೆ. ಬೇಡ ಅತ್ತೆ, ನಾವೇ ಹೋಗಿ ಕೇಳೋಣ ಎಂದೆ. ಆಯ್ತಪ್ಪ ಎಂದರು. ಅವರು ಅಷ್ಟು ಸಲೀಸಾಗಿ ಆಯ್ತು ಎಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮಾರನೆಯ ದಿನ ನಾನು, ಹೆಂಡತಿ, ಮಗಳು ಹೋದೆವು. ಹೆಡ್ ಮಿಸ್ ಐವತ್ತರ ಆಸುಪಾಸಿನವರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಸೀಮೆಸುಣ್ಣದ ಕೈ. ನಮ್ಮನ್ನು ಕೂರಿಸಿ, ಮಗಳನ್ನು ಬಹಳ ಆಸಕ್ತಿಯಿಂದ ನೋಡಿದರು.

"ನೀನೇ ಏನಮ್ಮಾ? ತುಂಬಾ ಚೆನ್ನಾಗಿ ಹಾಡ್ತೀಯಂತೆ?"

ಮಗಳು ನನ್ನ ಮುಖ ನೋಡಿದಳು. ನಾನು ಹೆಂಡತಿಯ ಮುಖ ನೋಡಿದೆ.

"ಚೆಸ್ಸಲ್ಲಿ ಜಿಲ್ಲಾ ಮಟ್ಟದಲ್ಲಿ ಗೆದ್ದಿದೀಯ ಅಂತಾನೂ ಒಬ್ರು ಹೇಳಿದ್ರು. ಆಮೇಲೆ ಥ್ರೋಬಾಲ್ ಟೀಮಿಗೆ ಕ್ಯಾಪ್ಟನ್ ಬೇರೆ ಆಗಿದ್ಯಂತಲ್ಲ."

ಆಗ ಅರ್ಥವಾಯಿತು. ಸಂಗೀತ ಅತ್ತೆಯದು, ಅವರ ಭಜನಾ ಮಂಡಳಿಯ ಗೆಳತಿಯ ಕಡೆಯಿಂದ ಬಂದದ್ದು. ಚೆಸ್ಸು ಖಂಡಿತ ಅಣ್ಣನದು. ಮಗುವನ್ನು ಮಲ್ಲೇಶ್ವರಕ್ಕೆ ಕಳಿಸದಿದ್ದರೂ ಅವನ ಕರ್ತವ್ಯ ಅವನು ಬಿಟ್ಟಿರಲಿಲ್ಲ. ಥ್ರೋಬಾಲು ಯಾರದೆಂದು ನಾನು ಯೋಚಿಸುತ್ತಿದ್ದಾಗ ಹೆಂಡತಿ ಕೈಚೀಲದ ಜಿಪ್ಪನ್ನು ಹಿಂದೆ ಮುಂದೆ ಎಳೆಯುವುದಕ್ಕೆ ಶುರುಮಾಡಿದಳು. ಅವಳ ಬ್ಯಾಂಕಿನ ಗ್ರಾಹಕರೊಬ್ಬರು ಈ ಶಾಲೆಯ ಕಮಿಟಿಯಲ್ಲಿದ್ದರಂತೆ, ಆಮೇಲೆ ಬಾಯಿಬಿಟ್ಟಳು. ಯಾರ ಕೈಲೂ ಹೇಳಿಸದೆ ಉಳಿದವನು ನಾನೊಬ್ಬನೇ. ಅದೂ ತತ್ವಕ್ಕಾಗಿ ಅಲ್ಲ, ನನಗೆ ಯಾರೂ ಗೊತ್ತಿರಲಿಲ್ಲ, ಅಷ್ಟೇ.

"ಇಲ್ರೀ ಮಿಸ್" ಎಂದಳು ಮಗಳು. "ನಂಗೆ ಹಾಡೋಕೆ ಬರಲ್ಲ. ಚೆಸ್ಸಲ್ಲಿ ತಂಗೀನೇ ಸೋಲಿಸ್ತಾಳೆ. ಥ್ರೋಬಾಲ್ ಆಡಿದೀನಿ, ಆದ್ರೆ ಬಾಲ್ ಬಂದ್ರೆ ಕಣ್ಣು ಮುಚ್ಕೋತೀನಿ."

ನಾನು ನೆಲ ನೋಡುತ್ತಿದ್ದೆ. ಹೆಡ್ ಮಿಸ್ ಗಟ್ಟಿಯಾಗಿ ನಗುವುದು ಕೇಳಿಸಿತು. ಬೇಸರದ ನಗುವಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ನಗು. "ಹೇಳಿಸೋರು ಹೇಳಿಸ್ತಾರೆ, ಒಂದ್ಸಲ ಕೂತು ಮಾತಾಡ್ಕೊಂಡಾದ್ರೂ ಹೇಳಿಸ್ಬಾರ್ದಾ?" ಎಂದು ನಮ್ಮನ್ನು ಕೇಳಿದರು. ಆಮೇಲೆ ಮಗಳ ಕಡೆ ತಿರುಗಿ, "ಹೋಗ್ಲಿ ಬಿಡು. ನಿಂಗೇನಾದ್ರೂ ನಮ್ಮನ್ನ ಕೇಳೋದಿದ್ಯಾ?" ಎಂದರು.

ಮಗಳು ಊಟದ ಪ್ರಶ್ನೆಯನ್ನೇ ಕೇಳಿದಳು. ಈ ಸಲ ಧ್ವನಿ ಸಣ್ಣದಾಗಿತ್ತು.

ಅವರು ಡೈನಿಂಗ್ ಹಾಲು, ಮೆನು, ಯಾವುದನ್ನೂ ಹೇಳಲಿಲ್ಲ. "ಅದನ್ನ ನಾನು ಹೇಳಿದ್ರೆ ಪ್ರಯೋಜನ ಇಲ್ಲ ಪುಟ್ಟಾ. ನಾಳೆ ಡಬ್ಬಿ ತಗೊಂಡು ಊಟದ ಹೊತ್ತಿಗೆ ಬಾ. ನೀನೇ ನೋಡು. ನಾನು ಯಾರಿಗೂ ಏನೂ ಹೇಳಿರಲ್ಲ" ಎಂದರು. ಸೀಟಿನ ಬಗ್ಗೆ, ನೋಡೋಣ ಎಂದಷ್ಟೇ ಹೇಳಿದರು.

ಮಾರನೆಯ ಬೆಳಗ್ಗೆ ಡಬ್ಬಿಗೆ ಏನು ಹಾಕುವುದೆಂದು ಮನೆಯಲ್ಲಿ ದೊಡ್ಡ ಪಂಚಾಯಿತಿ. ಅತ್ತೆ ಆಗಲೇ ಬಿಸಿಬೇಳೆಬಾತಿಗೆ ಬೇಳೆ ಇಟ್ಟಿದ್ದರು. "ಮೊದಲನೇ ದಿನ, ಚೆನ್ನಾಗಿ ಕಾಣ್ಬೇಕು" ಎಂದರು. ಮಗಳು ಮಾತ್ರ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬೇಕೆಂದು ಹಟ ಹಿಡಿದಳು. ವಿಜಯಪುರದಿಂದ ಬರುವಾಗ ಪಕ್ಕದ ಮನೆಯವರು ಒಂದು ಡಬ್ಬದ ತುಂಬ ಕಟ್ಟಿಕೊಟ್ಟಿದ್ದ ಒಣ ಜೋಳದ ರೊಟ್ಟಿ. ಮುರಿದರೆ ಪಟ್ ಎಂದು ಸದ್ದಾಗುತ್ತದೆ. ಅಗಿದರೆ ಪಕ್ಕದ ಬೆಂಚಿಗೂ ಕೇಳುತ್ತದೆ. ನನಗೆ ಅದೇ ಭಯ. ಹೊಸ ಜಾಗ, ಹೊಸ ಮಕ್ಕಳು, ಇವಳು ಕುರುಂ ಕುರುಂ ಎನ್ನಿಸುತ್ತಾ ಕೂತರೆ ಎಲ್ಲರೂ ತಿರುಗಿ ನೋಡಿ ನಕ್ಕರೆ? ಬೇಡ ಕಂದಾ, ಇನ್ನೊಂದು ದಿನ ಒಯ್ಯುವೆಯಂತೆ ಎಂದೆ. "ನಂಗೆ ಇಷ್ಟ ಇರೋದನ್ನಾದ್ರೂ ತಿಂತೀನಿ ಬಿಡಪ್ಪ" ಎಂದಳು. ಯಾರೂ ಜೊತೆಗೆ ಸಿಗದಿದ್ದರೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿ ಮುರಿದು ತುಂಬಿದೆ.

ಊಟದ ಹೊತ್ತಿಗೆ ಅವಳನ್ನು ಗೇಟಿನೊಳಗೆ ಕಳಿಸಿ ನಾವು ಎದುರಿನ ಫುಟ್‌ಪಾತಿನಲ್ಲಿ ನಿಂತೆವು. ಹೆಂಡತಿ ಬ್ಯಾಂಕಿನಿಂದ ಪರ್ಮಿಷನ್ ಹಾಕಿ ಬಂದಿದ್ದಳು. ಬೇಡ ಎಂದರೂ ಅತ್ತೆ ಚಿಕ್ಕವಳನ್ನು ಕರೆದುಕೊಂಡು ಆಟೋದಲ್ಲಿ ಬಂದಿಳಿದರು. ಎಳನೀರಿನವನು ನಮ್ಮನ್ನು ನೋಡಿ, ಯಾವ ಮಗು ಬೋರ್ಡ್ ಎಕ್ಸಾಮು ಬರೀತಿದೆ ಎಂದು ಕೇಳಿದ. ಊಟ ಮಾಡ್ತಿದೆ ಎಂದೆ. ಅವನು ಮತ್ತೆ ಕಾಯಿ ಕೆತ್ತುವುದಕ್ಕೆ ಶುರುಮಾಡಿದ. ಕಾಂಪೌಂಡಿನ ಒಳಗಿಂದ ನೂರಾರು ಮಕ್ಕಳ ಗದ್ದಲ ಒಂದೇ ಸಮನೆ ಬರುತ್ತಿತ್ತು. ಅದರಲ್ಲಿ ನನ್ನ ಮಗಳ ಧ್ವನಿ ಹುಡುಕಿ ಹುಡುಕಿ ಸಾಕಾಯಿತು. ನಲ್ಲಿ ಎಲ್ಲಿದೆ ಎಂದು ಗೇಟಿನ ಸಂದಿಯಿಂದ ಬಗ್ಗಿ ನೋಡಿದೆ. ಕಾಣಲಿಲ್ಲ.

ಬೆಲ್ ಆಗಿ ಸ್ವಲ್ಪ ಹೊತ್ತಿಗೆ ಅವಳು ಓಡುತ್ತಲೇ ಬಂದಳು. ಕೆನ್ನೆಯ ಮೇಲೆ ಮೊಸರನ್ನ ಅಂಟಿತ್ತು.

"ಅಪ್ಪಾ, ಸಿಕ್ಕಾಪಟ್ಟೆ ಹಸಿವು. ಒಂದು ಚೂರೂ ರೊಟ್ಟಿ ಸಿಗ್ಲಿಲ್ಲ ನಂಗೆ!"

ಅಲ್ಲಿ ಹೊಸಬರು ಬಂದರೆ ಅವರ ಡಬ್ಬಿ ಮೊದಲು ಸುತ್ತ ಕೂತವರ ಕೈಗೆ ಹೋಗುತ್ತದಂತೆ. ಹೊಸಬರಿಗೆ ಉಳಿಯುವುದು ಮುಚ್ಚಳ. ಆ ಮುಚ್ಚಳಕ್ಕೆ ಎಲ್ಲರೂ ತಮ್ಮ ತಮ್ಮ ಡಬ್ಬಿಯಿಂದ ಒಂದೊಂದು ಚಮಚ ಹಾಕಬೇಕು. ಯಾರು ಶುರು ಮಾಡಿದ ರೂಢಿಯೋ ಗೊತ್ತಿಲ್ಲ. ಇವಳು ಬಾಗಿಲಲ್ಲಿ ನಿಂತದ್ದನ್ನು ನೋಡಿ ಒಬ್ಬಳು ಹುಡುಗಿ, ಡಬ್ಬಿ ಕೊಡು ಎಂದು ಕೈ ನೀಡಿದ್ದಷ್ಟೇ. ಇವಳಿಗೆ ಚಿತ್ರಾನ್ನ, ಚಪಾತಿ, ಮೊಸರನ್ನ, ಯಾರದೋ ಮನೆಯ ಹೀರೆಕಾಯಿ ಪಲ್ಯ ಬಂದವು. ಬಿಸಿಬೇಳೆಬಾತಂತೂ ಮೂರು ಮನೆಯದು ಬಂತು ಎಂದಾಗ ಅತ್ತೆ ಬೇರೆ ಕಡೆ ನೋಡಿದರು. ಕಡಕ್ ರೊಟ್ಟಿಯನ್ನು ಹುಡುಗಿಯರು ಹಪ್ಪಳ ಎಂದುಕೊಂಡು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಮುಗಿಸಿದ್ದರು. ಹಪ್ಪಳ ಅಲ್ಲ ಎಂದು ಹೇಳುವಷ್ಟರಲ್ಲಿ ಡಬ್ಬಿ ಖಾಲಿ.

"ನಾಳೆ ಜಾಸ್ತಿ ಹಾಕ್ಕೊಡಪ್ಪ. ಕೊನೇಲಿ ಕೂತಿದ್ದ ಒಬ್ಳಿಗೆ ಸಿಗ್ಲೇ ಇಲ್ಲ. ಅವಳಿಗೆ ತಂದ್ಕೊಡ್ತೀನಿ ಅಂದಿದೀನಿ" ಎಂದಳು.

ನಾನು ಎಳನೀರು ಕೊಡಿಸುವ ನೆಪದಲ್ಲಿ ಆ ಕಡೆ ತಿರುಗಿದೆ. ಹೆಂಡತಿ ಲ್ಯಾಬು, ಫಲಿತಾಂಶ, ಏನನ್ನೂ ಎತ್ತಲಿಲ್ಲ. ಸೆರಗು ಸರಿಮಾಡಿಕೊಂಡು, "ನಾನು ಹೋಗಿ ಸೀಟು ಕೇಳ್ಕೊಂಡು ಬರ್ತೀನಿ" ಎಂದು ರಸ್ತೆ ದಾಟಿದಳು. ಮೂರು ಊರು ಬದಲಾಯಿಸಿದಾಗಲೂ ಒಂದು ಮಾತು ಎದುರಾಡದ ಹುಡುಗಿ, ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು:

"ಅಮ್ಮಾ, ಇಲ್ಲ ಅಂದ್ರೆ ಸುಮ್ನೆ ಬಂದ್ಬಿಡ್ಬೇಡ!"